ಸೋಮವಾರದ ಸಭಾಪಾಲಕ: ರಿಚರ್ಡ್ ಬ್ಯಾಕ್ಸ್ಟರರ ‘ರಿಫಾರ್ಮ್ಡ್ ಪಾಸ್ಟರ್’ ಗ್ರಂಥದ ಮರುಪರಿಶೀಲನೆ

ಪಾಲನಾ ದೈವಶಾಸ್ತ್ರದ ತರಗತಿಗಳಲ್ಲಿ ತಲೆಮಾರುಗಳಿಂದ ಹೆಸರು ಕೇಳಿಬರುತ್ತಿರುವ ಗ್ರಂಥಗಳಲ್ಲಿ ರಿಚರ್ಡ್ ಬ್ಯಾಕ್ಸ್ಟರರ (1615–1691) ‘ರಿಫಾರ್ಮ್ಡ್ ಪಾಸ್ಟರ್’ ಒಂದು. ಇದನ್ನು ಹೊಗಳುವವರು ಅನೇಕರು. ಕೊನೆಯ ಪುಟದವರೆಗೆ ಓದಿದವರು ಅಷ್ಟು ಮಂದಿ ಇರಲಾರರೆಂಬುದು ನಮ್ಮ ಗುಮಾನಿ. ಓದಿದ್ದರೆ ಗುರುದೀಕ್ಷೆಯ ಆರಾಧನೆಗಳಲ್ಲಿ ಇದನ್ನು ಅಷ್ಟು ನಿರಾತಂಕವಾಗಿ ಉಲ್ಲೇಖಿಸಲು ನಮಗೆ ಧೈರ್ಯ ಬರುತ್ತಿರಲಿಲ್ಲ.

1655ರ ಡಿಸೆಂಬರ್ 4ರಂದು ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ ಆ ಪ್ರಾಂತದ ದೇವಸೇವಕರು ಉಪವಾಸ ಪ್ರಾರ್ಥನೆಗೆ ಕೂಡಿಬಂದರು. ಸಭೆಯ ಪ್ರತಿಯೊಂದು ಕುಟುಂಬಕ್ಕೂ ಪ್ರತ್ಯೇಕವಾಗಿ ವಿಶ್ವಾಸದ ಮೂಲಪಾಠಗಳನ್ನು ಕಲಿಸುವ ಹೊಣೆಯನ್ನು ಅವರು ಕೈಗೊಂಡಿದ್ದರು. ಅದುವರೆಗಿನ ಅಲಕ್ಷ್ಯಕ್ಕಾಗಿ ದೇವರ ಮುಂದೆ ತಮ್ಮನ್ನು ತಗ್ಗಿಸಿಕೊಳ್ಳುವುದು ಆ ದಿನದ ಉದ್ದೇಶವಾಗಿತ್ತು. ಪ್ರಸಂಗ ಮಾಡಬೇಕಾಗಿದ್ದ ಬ್ಯಾಕ್ಸ್ಟರರು ಅಸ್ವಸ್ಥರಾಗಿ ಹೋಗಲಾರದೆ ಹೋದರು. ಸಿದ್ಧಪಡಿಸಿದ್ದ ಮಾತುಗಳು ಬೆಳೆದು 1656ರಲ್ಲಿ ಗ್ರಂಥವಾಗಿ ಹೊರಬಂದವು. ಶೀರ್ಷಿಕೆಯಲ್ಲಿರುವ ‘ರಿಫಾರ್ಮ್ಡ್’ ಎಂಬ ಪದವು ಕ್ಯಾಲ್ವಿನರ ಪರಂಪರೆಯನ್ನು ಸೂಚಿಸುತ್ತದೆಂದು ಭಾವಿಸುವವರುಂಟು. ಬ್ಯಾಕ್ಸ್ಟರರು ಅದನ್ನು ಆ ಅರ್ಥದಲ್ಲಿ ಬಳಸಲಿಲ್ಲ. ಹೊಸಜೀವ ಪಡೆದ, ನಡತೆಯಲ್ಲಿ ತಿದ್ದುಪಡಿಗೊಂಡ ಸೇವಕನೆಂಬುದೇ ಅವರ ಆಶಯ. ಮೂಲ ಶೀರ್ಷಿಕೆಯ ಆರಂಭದಲ್ಲಿ ಗಿಲ್ದಾಸ್ ಮತ್ತು ಸಾಲ್ವಿಯನ್ ಎಂಬ ಎರಡು ಹೆಸರುಗಳಿವೆ. ಇಬ್ಬರೂ ಪ್ರಾಚೀನ ಸಭೆಯಲ್ಲಿ ತಮ್ಮವರ ಪಾಪಗಳನ್ನೇ ಬಹಿರಂಗವಾಗಿ ಖಂಡಿಸಿದವರು. ಹೊರಗಿನವರನ್ನು ಬೈಯುವುದು ಈ ಗ್ರಂಥದ ಕೆಲಸವಲ್ಲವೆಂದು ಮುಖಪುಟವೇ ಸಾರುತ್ತದೆ.

ಗ್ರಂಥದ ಆಧಾರವಾಕ್ಯ ಒಂದೇ: ಅಪೊಸ್ತಲರ ಕೃತ್ಯಗಳು 20:28. ಪೌಲನು ಎಫೆಸದ ಸಭಾಹಿರಿಯರನ್ನು ಮಿಲೇತಕ್ಕೆ ಕರೆಸಿ ಆಡಿದ ಬೀಳ್ಕೊಡುಗೆಯ ಮಾತಿನಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ತಮ್ಮನ್ನು ಕುರಿತದ್ದು, ಎರಡನೆಯದು ಮಂದೆಯನ್ನು ಕುರಿತದ್ದು. ಈ ಕ್ರಮವನ್ನು ಬ್ಯಾಕ್ಸ್ಟರರು ಎಲ್ಲಿಯೂ ತಲೆಕೆಳಗು ಮಾಡುವುದಿಲ್ಲ. ಪರರಿಗೆ ಉಣಬಡಿಸುವವನು ತಾನೇ ಹಸಿದು ಸಾಯಬಹುದು, ರಕ್ಷಣೆಯನ್ನು ಸಾರುವವನು ತಾನೇ ಅದರಿಂದ ಹೊರಗುಳಿಯಬಹುದು ಎಂಬ ಭಯವು ಅವರ ಪುಟಗಳಲ್ಲಿ ನಿರಂತರವಾಗಿ ಮಿಡಿಯುತ್ತದೆ. ಸೇವಕರ ಗರ್ವವನ್ನು ಕುರಿತ ಭಾಗವಂತೂ ಓದುವವನನ್ನು ಬೆತ್ತಲೆಗೊಳಿಸುತ್ತದೆ. ವಾಕ್ಯಭಾಗದ ಆಯ್ಕೆಯಿಂದ ಹಿಡಿದು ಪದಗಳ ಅಲಂಕಾರದವರೆಗೆ, ಪ್ರಸಂಗಪೀಠದ ಮೆಟ್ಟಿಲಿನಿಂದ ಮನೆಯ ದಾರಿಯವರೆಗೆ ಗರ್ವವು ಹೇಗೆ ಸೇವಕನ ಜೊತೆಗೇ ನಡೆಯುತ್ತದೆಂಬುದನ್ನು ಅವರು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತಾರೆ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೈಕುಲುಕುವಾಗ ನಾವು ಯಾವ ಮಾತಿಗಾಗಿ ಕಿವಿಗೊಟ್ಟಿರುತ್ತೇವೆಂಬುದು ನಮಗೆಲ್ಲರಿಗೂ ಗೊತ್ತು.

ಆದರೆ ಗ್ರಂಥವನ್ನು ಆತ್ಮಪರೀಕ್ಷೆಯ ಭಕ್ತಿಸಾಹಿತ್ಯವೆಂದಷ್ಟೇ ಸ್ವೀಕರಿಸುವ ರೂಢಿಯನ್ನು ನಾವು ಒಪ್ಪಲಾರೆವು. ಅದರ ಹೃದಯವಿರುವುದು ಭಾನುವಾರದಲ್ಲಲ್ಲ, ಸೋಮವಾರ ಮತ್ತು ಮಂಗಳವಾರಗಳಲ್ಲಿ. ಕಿಡರ್‌ಮಿನ್‌ಸ್ಟರ್ ನೇಕಾರರ ಊರು. ಅಲ್ಲಿನ ಸಭಾಪ್ರಾಂತದಲ್ಲಿ 800ಕ್ಕೂ ಹೆಚ್ಚು ಕುಟುಂಬಗಳಿದ್ದವು. ಬ್ಯಾಕ್ಸ್ಟರರೂ ಅವರ ಸಹಾಯಕರೂ ವಾರಕ್ಕೆ ಆ ಎರಡು ದಿನಗಳನ್ನು ಬೆಳಗಿನಿಂದ ಹೆಚ್ಚುಕಡಿಮೆ ರಾತ್ರಿಯವರೆಗೆ ಮೀಸಲಿಟ್ಟು 15–16 ಕುಟುಂಬಗಳೊಡನೆ ಕುಳಿತುಕೊಳ್ಳುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ, 52 ವಾರಗಳಲ್ಲಿ ಇಡೀ ಪ್ರಾಂತವು ಒಂದು ಸುತ್ತು ಮುಗಿಯುತ್ತದೆ. ಒಂದೊಂದು ಕುಟುಂಬಕ್ಕೆ ಸುಮಾರು ಒಂದು ಗಂಟೆ. ಮೊದಲು ಪ್ರಶ್ನೋತ್ತರಾವಳಿಯ ಮಾತುಗಳನ್ನು ಒಪ್ಪಿಸುವುದು, ಬಳಿಕ ಅದರ ಅರ್ಥವನ್ನು ವಿಚಾರಿಸುವುದು, ಕೊನೆಗೆ ಆ ಅರ್ಥಕ್ಕೆ ತಕ್ಕ ಬಾಳಿಗೆ ಒತ್ತಾಯಪೂರ್ವಕವಾಗಿ ಕರೆಯುವುದು. ಆ ಹೊತ್ತಿನಲ್ಲಿ ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಸಂಕೋಚದಿಂದ ಬಾಯಿಕಟ್ಟಬಾರದು, ಒಬ್ಬರ ಅಜ್ಞಾನ ಊರಿನ ಮಾತಾಗಬಾರದು ಎಂಬುದೇ ಕಾರಣ. ಇಷ್ಟು ಸೂಕ್ಷ್ಮತೆ ನಮ್ಮ ಮನೆಭೇಟಿಗಳಲ್ಲಿ ಉಂಟೇ?

ಈ ಅನುಭವದಿಂದ ಅವರು ಪಡೆದ ತೀರ್ಮಾನವು ಪ್ರಸಂಗಶಾಸ್ತ್ರವನ್ನು ಬೋಧಿಸುವ ನಮ್ಮಂಥವರ ನಿದ್ದೆ ಕೆಡಿಸಬೇಕು. ವರ್ಷಗಟ್ಟಲೆ ಪ್ರಸಂಗಗಳನ್ನು ಕೇಳಿಯೂ ಏನೊಂದನ್ನೂ ಗ್ರಹಿಸದಿದ್ದ ಕೆಲವರು ಅರ್ಧ ಗಂಟೆಯ ಆಪ್ತ ಸಂಭಾಷಣೆಯಲ್ಲಿ ಹತ್ತು ವರ್ಷಗಳ ಬಹಿರಂಗ ಬೋಧನೆಗಿಂತ ಹೆಚ್ಚಿನ ತಿಳಿವನ್ನೂ ಪಶ್ಚಾತ್ತಾಪವನ್ನೂ ಪಡೆದರೆಂದು ಅವರು ಬರೆಯುತ್ತಾರೆ. ಪ್ರಸಂಗವನ್ನು ಹಗುರವಾಗಿ ಕಂಡವರ ಮಾತು ಇದಲ್ಲ; ಅವರ ಪ್ರಸಂಗ ಕೇಳಲು ಬಂದವರಿಗೆ ಸ್ಥಳ ಸಾಲದೆ ದೇವಾಲಯದೊಳಗೆ ಐದು ಅಟ್ಟಣೆಗಳನ್ನು ಕಟ್ಟಬೇಕಾಯಿತು. ಅವರ ವಾದ ಬೇರೆ: ಕೇಳುವವನು ಯಾವ ಮಾತಿನಲ್ಲಿ ಎಡವುತ್ತಾನೆಂದು ತಿಳಿಯದವನು ಅವನಿಗಾಗಿ ಪ್ರಸಂಗವನ್ನು ಸಿದ್ಧಪಡಿಸಲಾರನು. ಇಂದು ಮೊಬೈಲಿನ ತೆರೆಯ ಮೇಲೆ ಜಗತ್ತಿನ ಶ್ರೇಷ್ಠ ಪ್ರಸಂಗಿಗಳೆಲ್ಲ ನಮ್ಮ ಸಭೆಯವರ ಅಡುಗೆಮನೆಗೇ ಬರುತ್ತಾರೆ. ವಾಗ್ಮಿತೆಯಲ್ಲಿ ಅವರೊಡನೆ ಸ್ಪರ್ಧಿಸುವ ಸಭಾಪಾಲಕನು ಸೋಲುವುದು ಖಂಡಿತ. ಅವರಲ್ಲಿ ಯಾರೂ ಮಾಡಲಾರದ ಕೆಲಸವೊಂದು ಅವನಿಗೆ ಉಳಿದಿದೆ. ಆ ಮನೆಯವರ ಸಾಲವನ್ನೂ ಸಂದೇಹವನ್ನೂ ಹೆಸರು ಹಿಡಿದು ಬಲ್ಲವನು ಅವನೊಬ್ಬನೇ.

ಹೀಗೆ ಮೆಚ್ಚಿದ ಮೇಲೂ ಗ್ರಂಥದೊಡನೆ ನಮಗೆ ತಕರಾರು ಇದೆ, ಅದು ಸಣ್ಣದಲ್ಲ. ಸಹಾಯಕರು ಹಳ್ಳಿಗಾಡಿನ ಮನೆಗಳಿಗೆ ತಾವೇ ಹೋಗುತ್ತಿದ್ದರೂ ಪಟ್ಟಣದ ಕುಟುಂಬಗಳು ಬ್ಯಾಕ್ಸ್ಟರರ ಬಳಿಗೆ ಬರಬೇಕಾಗಿತ್ತು. ಬಂದವರು ಉತ್ತರ ಹೇಳುವವರು, ಕುಳಿತವರು ಪ್ರಶ್ನೆ ಕೇಳುವವರು. ತಮ್ಮ ಪ್ರಶ್ನೆಗೆ ಜನ ಏಕೆ ಉತ್ತರಿಸುತ್ತಾರೆಂಬ ಪ್ರಶ್ನೆಯನ್ನು ಅವರು ಸಾಕಷ್ಟು ಕೇಳಿಕೊಂಡಿಲ್ಲ. ದೇವಭಯದಿಂದಲೋ, ಊರಿನಲ್ಲಿ ಸೇವಕನಿಗಿದ್ದ ಅಧಿಕಾರದ ಭಯದಿಂದಲೋ? ಸಭಾಶಿಸ್ತನ್ನು ಅವರು ಬಿಗಿಯಾಗಿ ನಡೆಸಿದಾಗ ಕರ್ತನ ಭೋಜನದಲ್ಲಿ ಪಾಲ್ಗೊಳ್ಳುತ್ತಿದ್ದವರು ಸುಮಾರು 600 ಮಂದಿ ಮಾತ್ರ. ದೂರ ನಿಂತ ಬಹುಸಂಖ್ಯಾತರ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ಗ್ರಂಥದಲ್ಲಿ ಸಮಾಧಾನಕರ ಉತ್ತರವಿಲ್ಲ.

ಕರ್ನಾಟಕದ ಸಭೆಗಳಿಗೆ ಈ ತಕರಾರು ಪುಸ್ತಕದ ಮಾತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಆತ್ಮಗಳ ವೈಯಕ್ತಿಕ ಪರಾಮರಿಕೆಯನ್ನೇ ಉಸಿರಾಗಿಸಿಕೊಂಡ ಜರ್ಮನ್ ಭಕ್ತಿಪಂಥದ ಕೂಸು. ಮನೆಭೇಟಿ, ಕುಟುಂಬಪ್ರಾರ್ಥನೆ, ಪ್ರಶ್ನೋತ್ತರಾವಳಿಗಳನ್ನು ನಮಗೆ ಕಲಿಸಿದ್ದು ಅದೇ. ಹಳೆಯ ಕುಲಸಂಬಂಧಗಳನ್ನು ಕಳೆದುಕೊಂಡು ಬಂದವರಿಗೆ ಜೀವನೋಪಾಯ ಕಲ್ಪಿಸಲು ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದ್ದೂ ಅದೇ. ಅದರ ಉಪಕಾರವನ್ನು ನಾವು ಮರೆಯಲಾರೆವು. ಆದರೂ ಆತ್ಮದ ಯೋಗಕ್ಷೇಮವನ್ನು ವಿಚಾರಿಸುವ ಮಿಶನ್ನೇ ಕೂಲಿಯನ್ನೂ ಕೊಡುವಾಗ, ನೇಕಾರನ ಬಾಯಿಂದ ಬರುವ ಉತ್ತರವು ಎಷ್ಟರ ಮಟ್ಟಿಗೆ ಅವನದೇ ಆಗಿರುತ್ತದೆ? ಯೆಹೆಜ್ಕೇಲನ 34ನೆಯ ಅಧ್ಯಾಯದ ಕುರುಬನು ತಪ್ಪಿಹೋದದ್ದನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಯೇಸುವು ಜಕ್ಕಾಯನ ಮನೆಗೆ ಹೋದದ್ದು ಪರೀಕ್ಷಕನಾಗಿ ಅಲ್ಲ, ಅತಿಥಿಯಾಗಿ.

ನಮ್ಮ ವಿದ್ಯಾರ್ಥಿಯೊಬ್ಬರು ವಾರಾಂತ್ಯದ ಸೇವಾಭ್ಯಾಸಕ್ಕಾಗಿ ಹಳ್ಳಿಯೊಂದಕ್ಕೆ ಹೋಗಿದ್ದಾಗ ಬ್ಯಾಕ್ಸ್ಟರರ ಕ್ರಮವನ್ನು ಶ್ರದ್ಧೆಯಿಂದ ಅನುಸರಿಸಿದರು. ಹೊಸ್ತಿಲು ದಾಟುತ್ತಲೇ ಟಿಪ್ಪಣಿಪುಸ್ತಕ ತೆರೆದು, ನಿಂತುಕೊಂಡೇ ಮೊದಲ ಪ್ರಶ್ನೆ ಕೇಳಿದರಂತೆ. ಆ ಮನೆಯ ಅಜ್ಜಿ, “ಅಯ್ಯನವರೇ, ಮೊದಲು ಕೂತುಕೊಳ್ಳಿರಿ, ಒಂದು ಲೋಟ ನೀರು ಕುಡಿಯಿರಿ” ಎಂದರು. ಕುಳಿತ ಮೇಲೆ ಪ್ರಶ್ನೆ ಕೇಳಿದವರು ಅಜ್ಜಿಯೇ. ಬಾಣಂತನದಲ್ಲಿ ತೀರಿಹೋದ ಮಗಳನ್ನು ಕುರಿತು. ವಿದ್ಯಾರ್ಥಿಯ ಬಳಿ ಉತ್ತರವಿರಲಿಲ್ಲ. ಅವರು ಅಲ್ಲಿ ಒಂದು ಗಂಟೆ ಕುಳಿತಿದ್ದು ಬಂದರು. ತರಗತಿಯಲ್ಲಿ ಇದನ್ನು ತಮ್ಮ ಸೋಲೆಂಬಂತೆ ವರದಿ ಮಾಡಿದರು. ನಮಗೆ ಹಾಗೆ ತೋರಲಿಲ್ಲ.

ಇನ್ನೊಂದು ಮಾತು. ಬ್ಯಾಕ್ಸ್ಟರರು ಕಿಡರ್‌ಮಿನ್‌ಸ್ಟರಿನಲ್ಲಿದ್ದಷ್ಟು ಕಾಲವೂ ಅವಿವಾಹಿತರು. ಅದು ತಮ್ಮ ಸೇವೆಗೆ ಅನುಕೂಲವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅವರ ಮದುವೆ ನಡೆದದ್ದು 1662ರಲ್ಲಿ, ಏಕರೂಪತೆಯ ಕಾನೂನಿಗೆ ಒಪ್ಪದ ಸೇವಕರು ಹೊರಬಿದ್ದ ವರ್ಷದಲ್ಲಿ. ನಾಲ್ಕಾರು ಹಳ್ಳಿಗಳ ಸಭೆಗಳನ್ನು ಒಂದೇ ಬೈಕಿನ ಮೇಲೆ ಸುತ್ತುವ, ಮಕ್ಕಳ ಶಾಲೆಯ ಶುಲ್ಕಕ್ಕೆ ಪರದಾಡುವ ನಮ್ಮ ಸಭಾಪಾಲಕನಿಗೆ ಅವರ ದಿನಚರಿಯನ್ನು ಹಾಗೆಯೇ ಹೊರಿಸುವುದು ಅನ್ಯಾಯ. ಮನೆಭೇಟಿಯ ಅರ್ಧ ಭಾರವನ್ನು ಸಂಬಳವಿಲ್ಲದೆ ಹೊರುತ್ತಿರುವ ಅವನ ಹೆಂಡತಿಯ ವಿಷಯವು ಯಾವ ಪಠ್ಯದಲ್ಲಿಯೂ ಇಲ್ಲ.

ಪರಿಹಾರವು ಬ್ಯಾಕ್ಸ್ಟರರ ಆಧಾರವಾಕ್ಯದಲ್ಲಿಯೇ ಇದೆಯೆಂದು ನಮಗನಿಸುತ್ತದೆ. ಮಿಲೇತದಲ್ಲಿ ಪೌಲನ ಮುಂದೆ ನಿಂತಿದ್ದವನು ಒಬ್ಬ ಸಭಾಪಾಲಕನಲ್ಲ, ಒಂದೇ ಊರಿನ ಹಲವು ಹಿರಿಯರು. ಎಚ್ಚರಿಕೆ ಬಹುವಚನದಲ್ಲಿದೆ. ಬ್ಯಾಕ್ಸ್ಟರರು ಆ ಬಹುವಚನವನ್ನು ಸೇವಕರ ಒಕ್ಕೂಟಕ್ಕೆ ಅನ್ವಯಿಸಿ, ಪ್ರಾಂತದ ಸೇವಕರೆಲ್ಲ ಪರಸ್ಪರ ತಿದ್ದಿಕೊಳ್ಳುವ ಸಂಘವನ್ನು ಕಟ್ಟಿದರು. ಅದು ದೊಡ್ಡ ಕೆಲಸ, ಆದರೆ ವಾಕ್ಯವು ಅಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ಸಭಾಹಿರಿಯರು ಕಾಣಿಕೆಯ ಲೆಕ್ಕ, ಜಾಗದ ತಗಾದೆ, ಚುನಾವಣೆಗಳಲ್ಲಿ ಕಳೆಯುವ ಸಂಜೆಗಳಲ್ಲಿ ವಾರಕ್ಕೊಂದನ್ನು ಮನೆಗಳಿಗೆ ಕೊಟ್ಟರೆ, 80 ಕುಟುಂಬಗಳ ಸಭೆಯಲ್ಲಿ ಐವರು ಹಿರಿಯರಿಗೆ ತಲಾ 16 ಮನೆಗಳು ಬರುತ್ತವೆ. ಆ ಐವರನ್ನು ಸಿದ್ಧಪಡಿಸುವುದೇ ಸಭಾಪಾಲಕನ ಸೋಮವಾರದ ಕೆಲಸವಾಗಬಹುದು.

ಇಂದು ಹೆಚ್ಚಿನವರು ಓದುತ್ತಿರುವುದು ವಿಲಿಯಂ ಬ್ರೌನ್ ಎಂಬವರು 1829ರಲ್ಲಿ ಸಂಕ್ಷೇಪಿಸಿದ ಆವೃತ್ತಿಯ ಮರುಮುದ್ರಣವನ್ನು. ಗ್ರಂಥವನ್ನು ಕನ್ನಡದಲ್ಲಿ ಸಂಗ್ರಹಿಸಹೊರಡುವವರು ಇನ್ನಷ್ಟು ಕತ್ತರಿಸಬೇಕಾದೀತು. ಹಾಗಾದಲ್ಲಿ, ಗರ್ವವನ್ನು ಕುರಿತ ಪುಟಗಳ ಜೊತೆಗೆ, ಕುಟುಂಬವೊಂದರ ಮುಂದೆ ಹೇಗೆ ಕುಳಿತು ಮಾತು ಆರಂಭಿಸಬೇಕೆಂದು ವಿವರಿಸುವ ಕೊನೆಯ ಭಾಗವನ್ನೂ ಉಳಿಸಿಕೊಳ್ಳಲಿ. ಓದುಗರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಅದೇ.