ಹಿಂಬದಿ ಹಲಗೆ ಕೊಳೆತಾಗ

ಕೆಂಗೇರಿ ಉಪನಗರದಲ್ಲಿ ಸ್ವಂತ ದೋಣಿ ಇಟ್ಟುಕೊಂಡವರು ತೀರಾ ವಿರಳ. ಇಟ್ಟುಕೊಂಡರೂ ಅದು ವರ್ಷದ ಬಹುಪಾಲು ಕಾಂಪೌಂಡಿನೊಳಗೆ, ಟ್ರೇಲರ್ ಮೇಲೆ, ಟಾರ್ಪಾಲಿನ್ ಅಡಿಯಲ್ಲೇ ಇರುತ್ತದೆ. ಮಲ್ಪೆಯಲ್ಲಿ ದಿನಾ ಉಪ್ಪುನೀರಿಗಿಳಿಯುವ ಫೈಬರ್ ದೋಣಿಗಿಂತ ಇದರ ಹಿಂಬದಿ ಹಲಗೆ ಬೇಗ ಕೊಳೆತರೆ ಆಶ್ಚರ್ಯಪಡಬೇಕಿಲ್ಲ. ಮರ ತಿನ್ನುವ ಶಿಲೀಂಧ್ರವನ್ನು ಉಪ್ಪು ತಡೆಯುತ್ತದೆ, ಸಿಹಿನೀರು ಸಾಕುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಸುರಿಯುತ್ತದೆ. ಹಲಗೆಯೊಳಗಿನ ತೇವ ಶೇ 20ಕ್ಕಿಂತ ಕೆಳಗೇ ಇದ್ದರೆ ಕೊಳೆ ಹತ್ತುವುದಿಲ್ಲ. ಅದಕ್ಕಿಂತ ಬಹಳ ಮೇಲೇರಿ ಅಲ್ಲೇ ನಿಂತರೆ ಉಳಿಗಾಲವಿಲ್ಲ.

ಔಟ್‌ಬೋರ್ಡ್ ಎಂಜಿನ್ ಕಚ್ಚಿಕೊಳ್ಳುವ ಈ ಹಲಗೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಹೊರಗೂ ಒಳಗೂ ಫೈಬರ್ ಗ್ಲಾಸ್, ನಡುವೆ ಪ್ಲೈವುಡ್. ಫೈಬರ್ ಕೊಳೆಯುವುದಿಲ್ಲ, ಕೊಳೆಯುವುದು ನಡುವಿನ ಮರ. ನೀರು ಹೋಗುವುದು ನಾವೇ ಕೊರೆದ ತೂತುಗಳಿಂದ: ಎಂಜಿನ್ ಬೋಲ್ಟ್, ಡ್ರೈನ್ ಪ್ಲಗ್, ಮೀನು ಹುಡುಕುವ ಯಂತ್ರದ ಸಣ್ಣ ಸ್ಕ್ರೂ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ.

ಅನುಮಾನವಿದ್ದರೆ ಎಂಜಿನ್ನಿನ ಕೆಳತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಹಲಗೆ ಬಾಗಿದರೆ ಒಳಗೆ ಮರ ಸತ್ತಿದೆ. ಮರದ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಜಾಗ ಠಣ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಆಮೇಲೂ ಸಂಶಯ ಉಳಿದರೆ ಒಳಗಿನಿಂದ 6 ಮಿ.ಮೀ. ಡ್ರಿಲ್ ಹಾಕಿ. ಕಂದುಬಣ್ಣದ ಒದ್ದೆ ಪುಡಿ ಬಂದರೆ ಬೇರೆ ಪರೀಕ್ಷೆ ಬೇಡ. ಮೇಲೆ ಒಂದು ಪದರ ಫೈಬರ್ ಬಳಿದು ಬಣ್ಣ ಹೊಡೆಸುವ ರಿಪೇರಿಗೆ ಒಪ್ಪಲೇಬೇಡಿ. ಸುಮಾರು 40 ಕಿಲೋ ತೂಗುವ ಎಂಜಿನ್ ನೀರಿನ ಮಧ್ಯೆ ಕಿತ್ತುಬಂದರೆ ಅಪಾಯ ದೋಣಿಗಷ್ಟೇ ಅಲ್ಲ, ಅದರಲ್ಲಿರುವವರಿಗೂ.

ನನ್ನ ಮಟ್ಟಿಗೆ ಸರಿಯಾದ ದಾರಿ ಒಳಗಿನಿಂದ ಕತ್ತರಿಸುವುದು. ಹೊರ ಪದರವನ್ನು ಮುಟ್ಟದೆ, ಒಳ ಪದರವನ್ನು ಅಂಚಿನಲ್ಲಿ 50–75 ಮಿ.ಮೀ. ಬಿಟ್ಟು ಬಿಚ್ಚಬೇಕು. ಕೊಳೆತ ಮರ ಕೈಗೇ ಕಿತ್ತುಬರುತ್ತದೆ. ಮೂಲೆಗಳಲ್ಲಿ ಉಳಿದ ಒಳ್ಳೆಯ ಮರವನ್ನು ತೆಗೆಯುವುದೇ ಕಷ್ಟ, ಅಲ್ಲಿ ಉಳಿಯೂ ತಾಳ್ಮೆಯೂ ಬೇಕು. ಎಲ್ಲ ತೆಗೆದ ಮೇಲೆ ಚೆನ್ನಾಗಿ ಒಣಗಿಸಿ. ಅದಕ್ಕೇ ಈ ಕೆಲಸ ನಮ್ಮಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು.

ಹೊಸ ಹಲಗೆಗೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್ಡೇ ಬೇಕು. 18 ಮಿ.ಮೀ.ನ ಎರಡು ಹಾಳೆ ಅಂಟಿಸಿದರೆ ಬೇಕಾದ ದಪ್ಪ ಬರುತ್ತದೆ. ಕುದಿನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡಬಾರದು ಎಂಬುದು ಆ ಮುದ್ರೆಯ ಹಿಂದಿರುವ ಪರೀಕ್ಷೆ. ಆ ಪರೀಕ್ಷೆ ಅಂಟಿಗೆ ಮಾತ್ರ. ನೀರು ನಿಂತರೆ ಮೆರೈನ್ ಪ್ಲೈವುಡ್ಡೂ ಕೊಳೆಯಬಲ್ಲದು. ಪ್ಲೈವುಡ್ ಸಂಶೋಧನೆಗೆಂದೇ 1962ರಲ್ಲಿ ಸ್ಥಾಪನೆಯಾದ ಸಂಸ್ಥೆ ಬೆಳೆದದ್ದು ಇದೇ ಊರಿನ ತುಮಕೂರು ರಸ್ತೆಯಲ್ಲಿ. ಆದರೂ ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದ ಮಾತ್ರಕ್ಕೆ ನಂಬಿ ಕೊಳ್ಳುತ್ತೇವೆ!

ಅಂಟಿಗೆ ಪಾಲಿಯೆಸ್ಟರ್ ಬದಲು ಇಪಾಕ್ಸಿ ಬಳಸಿ. ಖರ್ಚು ಹೆಚ್ಚು, ಆದರೆ ಮರವನ್ನೂ ಹಳೆಯ ಫೈಬರನ್ನೂ ಅದು ಹಿಡಿಯುವ ಬಿಗಿ ಪಾಲಿಯೆಸ್ಟರಿಗಿಲ್ಲ. ಹಲಗೆಯ ಅಂಚುಗಳಿಗೆ ಮೊದಲೇ ಇಪಾಕ್ಸಿ ಕುಡಿಸಿ, ಏಕೆಂದರೆ ಪ್ಲೈವುಡ್ ನೀರು ಹೀರುವುದು ಹೆಚ್ಚಾಗಿ ಅಂಚಿನಿಂದಲೇ. ಹಲಗೆ ಕೂರಿಸಿ, ಮೂಲೆಗಳಿಗೆ ಗುಂಡಾಗಿ ಪುಟ್ಟಿ ತುಂಬಿ, ಅದರ ಮೇಲೆ ಗ್ಲಾಸ್ ಬಟ್ಟೆ ಹಾಸಬೇಕು.

ಇನ್ನು ಬೋಲ್ಟಿನ ತೂತು. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಇಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ಸರಿಯಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ಇಡೀ ರಿಪೇರಿಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ. ಇದನ್ನು ಬಿಟ್ಟರೆ ಹೊಸ ಹಲಗೆಯೂ ಹಳೆಯದರ ದಾರಿ ಹಿಡಿಯುತ್ತದೆ.

ದೋಣಿ ಇರುವವರಲ್ಲಿ ನನ್ನದೊಂದು ವಿನಂತಿ. ಮೇ ತಿಂಗಳ ಮೊದಲ ಮಳೆಗೆ ಮುನ್ನ ಎಂಜಿನ್ ಇಳಿಸಿಡಿ, ಡ್ರೈನ್ ಪ್ಲಗ್ ಬಿಚ್ಚಿಡಿ, ದೋಣಿಯ ಮುಂಭಾಗವನ್ನು ಎತ್ತರಿಸಿ ನಿಲ್ಲಿಸಿ, ಪ್ರತಿ ಸ್ಕ್ರೂ ಸುತ್ತ ಸೀಲೆಂಟ್ ಗಟ್ಟಿಯಾಗಿದೆಯೇ ಎಂದು ಬೆರಳಿಂದ ಒತ್ತಿ ನೋಡಿ.