ಲೆಡನ್‌ಹಾಲ್ ಬೀದಿಯಿಂದ ಕಂಡ ಸ್ವಾತಂತ್ರ್ಯ

1858ರಲ್ಲಿ ಬ್ರಿಟಿಷ್ ಸರ್ಕಾರ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಕೊನೆಗಾಣಿಸಲು ಹೊರಟಾಗ, ಕಂಪನಿಯ ಪರವಾಗಿ ಪಾರ್ಲಿಮೆಂಟಿಗೆ ಅರ್ಜಿ ಬರೆದುಕೊಟ್ಟವನು ಜಾನ್ ಸ್ಟೂಅರ್ಟ್ ಮಿಲ್. ಮರುವರ್ಷವೇ ಅವನ ‘ಆನ್ ಲಿಬರ್ಟಿ’ ಪ್ರಕಟವಾಯಿತು. ಅರ್ಜಿಯಲ್ಲಿ, ಒಂದು ಕಂಪನಿ ಕೋಟ್ಯಂತರ ಜನರನ್ನು ಅವರ ಒಪ್ಪಿಗೆ ಕೇಳದೆ ಆಳಿದ್ದರ ಸಮರ್ಥನೆ. ಪುಸ್ತಕದಲ್ಲಿ, ಇಡೀ ಮನುಕುಲ ಒಂದಾದರೂ ಒಬ್ಬ ಭಿನ್ನಮತೀಯನ ಬಾಯಿ ಮುಚ್ಚಿಸಬಾರದೆಂಬ ವಾದ. ಉದಾರವಾದವನ್ನು ಹೊಗಳುವವರು ಪುಸ್ತಕ ಹಿಡಿಯುತ್ತಾರೆ, ತೆಗಳುವವರು ಅರ್ಜಿ ಹಿಡಿಯುತ್ತಾರೆ. ಎರಡನ್ನೂ ಜೊತೆಗಿಟ್ಟು ಓದುವವರು ಕಡಿಮೆ.

ಮಿಲ್ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಗೆ ಗುಮಾಸ್ತನಾಗಿ ಸೇರಿದ್ದು 1823ರಲ್ಲಿ, ಹದಿನೇಳರ ಹರೆಯದಲ್ಲಿ. ಅಲ್ಲೇ ಅಧಿಕಾರಿಯಾಗಿದ್ದ ಅಪ್ಪ ಜೇಮ್ಸ್ ಮಿಲ್ ಭಾರತಕ್ಕೆ ಕಾಲಿಡದೆಯೇ ಅದರ ಚರಿತ್ರೆ ಬರೆದವನು. ಮಗನೂ ಇತ್ತ ಬರಲಿಲ್ಲ. ಆದರೂ ಮೂವತ್ತೈದು ವರ್ಷ ಇಲ್ಲಿಗೆ ಬರಬೇಕಾದ ಪತ್ರಗಳ ಕರಡು ತಯಾರಿಸಿದ. ದೇಶೀ ಸಂಸ್ಥಾನಗಳ ವ್ಯವಹಾರ ಬಹುಕಾಲ ಅವನ ಪಾಲಿನದಾಗಿತ್ತು.

‘ಆನ್ ಲಿಬರ್ಟಿ’ಯ ಮೊದಲ ಅಧ್ಯಾಯದಲ್ಲೇ ಅವನ ಹೆಸರಾಂತ ಸೂತ್ರವಿದೆ: ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲಷ್ಟೇ ಸಮಾಜ ಒಬ್ಬನ ಮೇಲೆ ಬಲ ಪ್ರಯೋಗಿಸಬಹುದು. ಅದರ ಬೆನ್ನಿಗೇ ವಿನಾಯಿತಿ. ಇದು ಮಕ್ಕಳಿಗಲ್ಲ, ‘ಹಿಂದುಳಿದ’ ಸಮಾಜಗಳಿಗೂ ಅಲ್ಲ. ಅಂಥವರಿಗೆ ಒಬ್ಬ ಅಕ್ಬರನೋ ಶಾರ್ಲಮೇನನೋ ಸಿಕ್ಕರೆ ಅದೇ ಭಾಗ್ಯ.

‘ಅದು ಆ ಕಾಲದ ಮಿತಿ’ ಎಂದು ಇದನ್ನು ತೇಲಿಸಿಬಿಡುವುದು ವಾಡಿಕೆ. ನಾನು ಒಪ್ಪಲಾರೆ. ಕಂಪನಿಯ ಆಳ್ವಿಕೆಯ ಕೊಳಕನ್ನು ಆಡಂ ಸ್ಮಿತ್ 1776ರಲ್ಲೇ ಬಯಲಿಗೆಳೆದಿದ್ದ. ವಾರನ್ ಹೇಸ್ಟಿಂಗ್ಸನ ವಿಚಾರಣೆಗಾಗಿ ಎಡ್ಮಂಡ್ ಬರ್ಕ್ ವರ್ಷಗಟ್ಟಲೆ ಹೋರಾಡಿದ್ದ. ಕಾಣಬಯಸಿದವರಿಗೆ ಕಂಡಿತ್ತು. ಮಿಲ್‌ನ ತೊಡಕು ವಾದದ ಬುಡದಲ್ಲೇ ಇದೆ. ಅವನು ಸ್ವಾತಂತ್ರ್ಯವನ್ನು ಆಜನ್ಮಸಿದ್ಧ ಹಕ್ಕಿನ ಮೇಲೆ ನಿಲ್ಲಿಸಲಿಲ್ಲ, ಚರ್ಚೆಯಿಂದ ಮನುಷ್ಯ ಸುಧಾರಿಸುತ್ತಾನೆಂಬ ಭರವಸೆಯ ಮೇಲೆ ನಿಲ್ಲಿಸಿದ. ಹಾಗಾದರೆ ಯಾರು ಸುಧಾರಿಸಲು ತಯಾರಾಗಿದ್ದಾರೆಂದು ಯಾರಾದರೂ ತೀರ್ಮಾನಿಸಬೇಕಲ್ಲ? ಆ ತೀರ್ಮಾನ ಆಳುವವನ ಕೈಗೇ ಹೋಯಿತು.

ಹಾಗೆಂದು ಮಿಲ್‌ನನ್ನು ಕಪಟಿ ಎನ್ನಲಾಗದು. 1851ರಲ್ಲಿ ಹ್ಯಾರಿಯೆಟ್ ಟೇಲರಳನ್ನು ಮದುವೆಯಾಗುವಾಗ, ಕಾನೂನು ಗಂಡನಿಗೆ ಕೊಡುವ ಅಧಿಕಾರವೆಲ್ಲ ತನಗೆ ಬೇಡವೆಂದು ಬರೆದಿಟ್ಟ. ಜಮೈಕಾದಲ್ಲಿ ಕಪ್ಪುಜನರ ದಂಗೆಯನ್ನು ರಕ್ತದಲ್ಲಿ ಮುಳುಗಿಸಿದ ಗವರ್ನರ್ ಐರ್‌ನನ್ನು ಕಟಕಟೆಗೆ ತರಲು ಪಟ್ಟು ಹಿಡಿದ. 1867ರಲ್ಲಿ ಹೆಂಗಸರಿಗೆ ಮತ ಕೇಳಿ ಪಾರ್ಲಿಮೆಂಟಿನಲ್ಲಿ 73–196ರಿಂದ ಸೋತ. ಗಂಡಂದಿರು ‘ಹೆಂಗಸರಿನ್ನೂ ತಯಾರಾಗಿಲ್ಲ’ ಎಂದರೆ ಅದು ಅವನಿಗೆ ಕುಂಟುನೆಪ. ಕಂಪನಿ ಅದನ್ನೇ ಭಾರತೀಯರ ಬಗ್ಗೆ ಹೇಳಿದರೆ ರಾಜ್ಯಶಾಸ್ತ್ರ.

ಈ ವಿನಾಯಿತಿಯನ್ನು ಬದಿಗೆ ಸರಿಸಿ ಮಿಲ್‌ನನ್ನು ದುಡಿಸಿಕೊಂಡವರು ಅವನ ಪಟ್ಟಿಯಿಂದ ಹೊರಗುಳಿದವರೇ. 1936ರಲ್ಲಿ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಕಾಂಗ್ರೆಸ್ಸಿಗರಿಗೆ ಒಂದು ಲೆಕ್ಕ ಒಪ್ಪಿಸಲು ಹೇಳಿದರು: ಒಂದು ದೇಶ ಇನ್ನೊಂದನ್ನು ಆಳಲು ಯೋಗ್ಯವಲ್ಲವೆಂಬ ಮಿಲ್‌ನ ಮಾತು ಸರಿಯಾದರೆ, ಒಂದು ವರ್ಗ ಇನ್ನೊಂದು ವರ್ಗವನ್ನು ಆಳಲೂ ಯೋಗ್ಯವಲ್ಲ. ಸ್ವರಾಜ್ಯ ಕೇಳುತ್ತಿದ್ದವರಿಗೆ ಇದರಿಂದ ಜಾರಿಕೊಳ್ಳಲು ದಾರಿಯಿರಲಿಲ್ಲ. ಆ ಮಾತುಗಳು ಲಾಹೋರಿನ ಜಾತಿವಿರೋಧಿ ಸುಧಾರಕರ ವಾರ್ಷಿಕ ಸಭೆಗೆಂದು ಬರೆದವು. ಕರಡು ಓದಿದ ಸಂಘಟಕರು ಕೆಲವು ಭಾಗ ತೆಗೆಯಿರಿ ಎಂದರು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಭೆ ರದ್ದಾಯಿತು, ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು.