ಕಾರಿನ ಗಾಳಿದಾರಿ: ಅಗ್ಗದ ಮಾರ್ಪಾಡಿನ ಲಾಭನಷ್ಟ

ಹೊರಗಿನ ಗಾಳಿ ಎಂಜಿನ್ನನ್ನು ಸೇರುವ ದಾರಿಗೆ, ಅಂದರೆ ಏರ್ ಇನ್‌ಟೇಕಿಗೆ, ಕೈಹಾಕುವುದು ಕಾರಿನ ಶಕ್ತಿ ಹೆಚ್ಚಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಇಡುವ ಮೊದಲ ಹೆಜ್ಜೆ. ಕಂಪನಿಯೇ ಅಳವಡಿಸಿದ ಫಿಲ್ಟರ್ ಡಬ್ಬಿಯನ್ನು ತೆಗೆದು ಶಂಕುವಿನ ಆಕಾರದ ತೆರೆದ ಫಿಲ್ಟರ್ ಕೂರಿಸುವುದು, ಡಬ್ಬಿಯನ್ನು ಉಳಿಸಿಕೊಂಡು ಒಳಗಿನ ಕಾಗದದ ಫಿಲ್ಟರಿಗೆ ಬದಲಾಗಿ ತೊಳೆದು ಮರುಬಳಸುವ ಹತ್ತಿಯ ಫಿಲ್ಟರ್ ಹಾಕುವುದು, ಇಲ್ಲವೇ ಡಬ್ಬಿಗೇ ತೂತು ಕೊರೆಯುವುದು ಈ ಮಾರ್ಪಾಡಿನ ಪ್ರಚಲಿತ ರೂಪಗಳು. ಕ್ಯಾಮ್‌ಶಾಫ್ಟ್ ಬದಲಾವಣೆ ಅಥವಾ ಎಂಜಿನ್ ನಿಯಂತ್ರಿಸುವ ಗಣಕದ, ಅಂದರೆ ಇಸಿಯುವಿನ, ರೀಮ್ಯಾಪ್‌ಗೆ ಹೋಲಿಸಿದರೆ ಇದರ ಖರ್ಚು ಕಡಿಮೆ, ಬೇಕಾಗುವ ಹತ್ಯಾರಗಳೂ ಕೆಲವೇ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಬೇಕಾದ ಸಾಮಾನು ಸುಲಭವಾಗಿ ಸಿಗುತ್ತದೆ. ಪಿಕಪ್ ಹೆಚ್ಚುತ್ತದೆ, ಮೈಲೇಜ್ ಸುಧಾರಿಸುತ್ತದೆ, ಎಂಜಿನ್ನಿನ ದನಿಗೆ ಗಾಂಭೀರ್ಯ ಬರುತ್ತದೆ ಎಂಬ ಮೂರು ಭರವಸೆಗಳ ಮೇಲೆ ಈ ರೂಢಿ ನಿಂತಿದೆ. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರಿನ ಮಟ್ಟಿಗೆ ಇವುಗಳಲ್ಲಿ ಯಾವುದು ಎಷ್ಟು ನಿಜ, ಆ ಲಾಭಕ್ಕೆ ತೆರಬೇಕಾದ ಬೆಲೆ ಏನು ಎಂಬುದನ್ನು ಅಳೆದು ನೋಡಬೇಕಾಗಿದೆ.

ಕಿತ್ತುಹಾಕುವ ಮೊದಲು ಕಂಪನಿಯ ಡಬ್ಬಿ ಮಾಡುವ ಕೆಲಸವನ್ನು ಅರಿಯುವುದು ನ್ಯಾಯ. ಕಪ್ಪು ಪ್ಲಾಸ್ಟಿಕ್ಕಿನ ಈ ಡಬ್ಬಿಯ ಮೂತಿ ಅನೇಕ ಕಾರುಗಳಲ್ಲಿ ಮುಂಭಾಗದ ಜಾಲರಿಯ ಹಿಂದೆ, ರೇಡಿಯೇಟರಿನ ಬಿಸಿ ತಾಗದಂತೆ ಮತ್ತು ರಸ್ತೆಯ ನೀರು ಚಿಮ್ಮದಂತೆ ಎತ್ತರದಲ್ಲಿ ತೆರೆದುಕೊಂಡಿರುತ್ತದೆ. ತಪ್ಪಿ ಒಳಬಂದ ನೀರು ಸೋರಿಹೋಗಲೆಂದು ಡಬ್ಬಿಯ ತಳದಲ್ಲಿ ಸಣ್ಣ ರಂಧ್ರವಿರುತ್ತದೆ. ಒಳಗಿನ ಕಾಗದವನ್ನು ಮಡಿಕೆ ಮಡಿಕೆಯಾಗಿ ಮಡಚಿರುವುದರಿಂದ ಅಂಗೈಯಗಲದ ಜಾಗದಲ್ಲಿ ಅದರ ಹಲವು ಪಟ್ಟು ವಿಸ್ತೀರ್ಣದ ಶೋಧಕ ಹಿಡಿಸುತ್ತದೆ, ಸುತ್ತಲಿನ ಮೃದುವಾದ ಅಂಚು ಡಬ್ಬಿಯ ಎರಡು ಹೋಳುಗಳ ನಡುವೆ ಬಿಗಿಯಾಗಿ ಕೂತು ಶೋಧಿಸದ ಗಾಳಿ ಪಕ್ಕದಿಂದ ನುಸುಳದಂತೆ ತಡೆಯುತ್ತದೆ. ಕೊಳವೆಯ ಪಕ್ಕದಲ್ಲಿ ಕಾಣುವ ಖಾಲಿ ಗೂಡಿನಂಥ ಭಾಗವು ರೆಸೊನೇಟರ್; ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ಗುಂಯ್‌ಗುಡುವ ಸದ್ದಿನ ನಿರ್ದಿಷ್ಟ ಕಂಪನಾಂಕವನ್ನು ಅಡಗಿಸುವುದು ಅದರ ಕೆಲಸ. ತಂಪು, ಶುಚಿ, ಶುಷ್ಕತೆ, ಮೌನ ಎಂಬ ನಾಲ್ಕು ಗುರಿಗಳನ್ನು ಒಟ್ಟಿಗೆ ಸಾಧಿಸುವ ಈ ರಚನೆಯನ್ನು ಬರೀ ಅಡ್ಡಿಯೆಂದು ಬಗೆಯುವುದರಿಂದಲೇ ಮಾರ್ಪಾಡಿನ ಬಹುಪಾಲು ತಪ್ಪುಗಳು ಶುರುವಾಗುತ್ತವೆ.

ಈ ಡಬ್ಬಿ ಗಾಳಿಗೆ ಒಡ್ಡುವ ಅಡ್ಡಿ ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ನಿಮಿಷಕ್ಕೆ 6,000 ಸುತ್ತು ತಿರುಗುವ 1.2 ಲೀಟರಿನ ಎಂಜಿನ್, ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುವುದರಿಂದ, ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಈ ಹರಿವಿನಲ್ಲಿ ಫಿಲ್ಟರಿನ ಎರಡೂ ಬದಿಯ ಒತ್ತಡದ ನಡುವೆ ಒಂದು ಕಿಲೋಪ್ಯಾಸ್ಕಲ್ ವ್ಯತ್ಯಾಸವಿದೆಯೆಂದು ಇಟ್ಟುಕೊಂಡರೆ, ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ 91 ಕಿಲೋಪ್ಯಾಸ್ಕಲ್‌ನ ಆಸುಪಾಸಿನಲ್ಲಿರುವುದರಿಂದ, ಆ ಅಡ್ಡಿಯನ್ನು ಸಂಪೂರ್ಣ ನಿವಾರಿಸಿದರೂ ಸಿಗುವ ಲಾಭ ಶೇಕಡಾ ಒಂದರ ಸುತ್ತಮುತ್ತ. 80 ಅಶ್ವಶಕ್ತಿಯ ಕಾರಿನಲ್ಲಿ ಒಂದು ಅಶ್ವಶಕ್ತಿಗೂ ಕಡಿಮೆ. ಇದೇ ಕಾರು ಮಂಗಳೂರಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ವಾತಾವರಣದ ಒತ್ತಡವೇ ಸುಮಾರು 10 ಕಿಲೋಪ್ಯಾಸ್ಕಲ್ ಇಳಿದಿರುತ್ತದೆ, ಬಹಳಷ್ಟು ಚಾಲಕರಿಗೆ ಅದು ಗೊತ್ತಾಗುವುದೇ ಇಲ್ಲ. ಅಷ್ಟು ದೊಡ್ಡ ಇಳಿಕೆಯೇ ಗಮನಕ್ಕೆ ಬಾರದಿರುವಾಗ, ಫಿಲ್ಟರ್ ಬದಲಿಸಿದ ಮರುದಿನವೇ ಪಿಕಪ್ ಹೆಚ್ಚಿತೆಂಬ ಅನುಭವಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಮೈಲೇಜಿನ ಭರವಸೆಯಂತೂ ಇನ್ನೂ ದುರ್ಬಲ. ಆಕ್ಸಿಲರೇಟರನ್ನು ಅರ್ಧಂಬರ್ಧ ಒತ್ತಿ ಓಡಿಸುವಾಗ ಗಾಳಿಯನ್ನು ತಡೆಯುವುದು ಮುಖ್ಯವಾಗಿ ಥ್ರಾಟಲ್. ಗಾಳಿಯ ಹರಿವನ್ನು ಬೇಕೆಂದೇ ಕಿರಿದಾಗಿಸಿ ಎಂಜಿನ್ನಿನ ಶಕ್ತಿಯನ್ನು ಹತೋಟಿಯಲ್ಲಿಡುವ ತಟ್ಟೆಯದು. ಫಿಲ್ಟರಿನ ಅಡ್ಡಿ ತುಸು ತಗ್ಗಿದರೆ ಚಾಲಕ ಅದೇ ವೇಗಕ್ಕೆ ಥ್ರಾಟಲನ್ನು ತುಸು ಕಡಿಮೆ ತೆರೆಯುತ್ತಾನೆ, ಒಳಗೆ ಹೋಗುವ ಗಾಳಿ ಅಷ್ಟೇ ಇರುತ್ತದೆ, ಇಸಿಯು ಅಷ್ಟೇ ಪೆಟ್ರೋಲನ್ನು ಸಿಂಪಡಿಸುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇದನ್ನೇ ತೋರಿಸಿದವು: ಇಂಧನ ಚುಚ್ಚುವಿಕೆಯನ್ನು ಗಣಕ ನಿಯಂತ್ರಿಸುವ ಆಧುನಿಕ ಕಾರುಗಳಲ್ಲಿ, ಕಟ್ಟಿಹೋದ ಫಿಲ್ಟರನ್ನು ತೆಗೆದು ಹೊಸದನ್ನು ಹಾಕಿದರೂ ಮೈಲೇಜಿನಲ್ಲಿ ಗಣನೀಯ ಬದಲಾವಣೆ ಆಗಲಿಲ್ಲ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ವೇಗವರ್ಧನೆ ಮಾತ್ರ ಶೇಕಡಾ 6ರಿಂದ 11ರಷ್ಟು ಸುಧಾರಿಸಿತು. ಕಾರ್ಬ್ಯುರೇಟರ್ ಕಾಲದ ಕಾರುಗಳಿಗೆ ಸಲ್ಲುತ್ತಿದ್ದ ಮೈಲೇಜಿನ ಮಾತನ್ನು ಇಂದಿನ ಕಾರುಗಳಿಗೂ ಹೇಳಿಕೊಂಡು ಬರುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಈ ಪರೀಕ್ಷೆಯಿಂದ ಹೊರಡುವ ಇನ್ನೊಂದು ಪಾಠವೂ ಇದೆ: ಪಿಕಪ್ಪಿನ ಲಾಭ ಸಿಕ್ಕಿದ್ದು ಕೊಳೆಯಾದ ಫಿಲ್ಟರಿನಿಂದ ಹೊಸ ಫಿಲ್ಟರಿಗೆ ಹೋದಾಗ, ಅದಕ್ಕೆ ಕೆಲವು ನೂರು ರೂಪಾಯಿಯ ಕಾಗದದ ಫಿಲ್ಟರೇ ಸಾಕು.

ತೆರೆದ ಶಂಕುವಿನ ಫಿಲ್ಟರ್ ಸೋಲುವುದು ಶಾಖದ ಮುಂದೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ಅಂದರೆ ಅದೇ ಗಾತ್ರದ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಹೊರಗೆ 35 ಡಿಗ್ರಿ ಇರುವಾಗ ಬಾನೆಟ್ಟಿನೊಳಗಿನ 60 ಡಿಗ್ರಿಯ ಗಾಳಿಯನ್ನು ಎಳೆದುಕೊಳ್ಳುವ ಎಂಜಿನ್ನಿಗೆ ಸಿಗುವ ಗಾಳಿಯ ತೂಕ ಶೇಕಡಾ ಏಳಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಅಡ್ಡಿ ತಗ್ಗಿಸಿ ಗಳಿಸಿದ ಒಂದೆರಡು ಶೇಕಡಾ ಇದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಬಿಸಿ ಗಾಳಿಯಿಂದ ಎಂಜಿನ್ ಕುಟ್ಟಲಾರಂಭಿಸಿದರೆ ಇಸಿಯು ಕಿಡಿ ಹಾರುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಶಕ್ತಿ ಮತ್ತೂ ಇಳಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಬಾನೆಟ್ಟಿನೊಳಗೆ ಗಾಳಿಯಾಡುವುದರಿಂದ ಈ ನಷ್ಟ ತಗ್ಗೀತು, ಆದರೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ನಗರದ ಸಂಚಾರದಲ್ಲಿ ಅದು ಪೂರ್ತಿಯಾಗಿ ತಟ್ಟುತ್ತದೆ. ಈ ದೋಷ ನೀಗಲೆಂದೇ ಫಿಲ್ಟರನ್ನು ಉದ್ದ ಕೊಳವೆಯ ತುದಿಯಲ್ಲಿ ಬಂಪರಿನ ಹಿಂದೆ ಇಡುವ ಕೋಲ್ಡ್ ಏರ್ ಇನ್‌ಟೇಕ್ ಎಂಬ ಬಗೆ ಬಂದಿದೆ. ತತ್ತ್ವದ ದೃಷ್ಟಿಯಿಂದ ಅದು ಸರಿಯಾದ ಉತ್ತರವೇ, ಆದರೆ ಫಿಲ್ಟರ್ ನೆಲಕ್ಕೆ ಹತ್ತಿರವಾದಷ್ಟೂ ನೀರಿಗೂ ಹತ್ತಿರವಾಗುತ್ತದೆ. ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ನುಗ್ಗಿದರೆ ಮೇಲೇರುವ ಪಿಸ್ಟನ್ ಅಲ್ಲೇ ತಡೆಗೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಜಲಾವೃತವಾದದ್ದನ್ನು ಕಂಡ ಊರಿನಲ್ಲಿ ಈ ಅಪಾಯವನ್ನು ದೂರದ್ದೆಂದು ತಳ್ಳಿಹಾಕಲಾಗದು.

ಇಷ್ಟಾದರೂ ಮಾರ್ಪಾಡು ಮಾಡಿಸಿದವರು ಸಂತೃಪ್ತರಾಗಿರುವುದಕ್ಕೆ ಸದ್ದು ಕಾರಣ. ರೆಸೊನೇಟರ್ ತೆಗೆದರೆ ಅಥವಾ ಡಬ್ಬಿಯೇ ಹೋದರೆ ಗಾಳಿ ಎಳೆಯುವ ದನಿ ಚಾಲಕನ ಕಿವಿಗೆ ನೇರವಾಗಿ ತಲುಪುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ಏಳುವ ಗರ್ಜನೆ ವೇಗದ ಅನುಭವವನ್ನು ಹೆಚ್ಚಿಸುತ್ತದೆ. ಈ ಸಂತೋಷ ಸುಳ್ಳಲ್ಲ, ಅದನ್ನು ಬಯಸುವುದು ತಪ್ಪೂ ಅಲ್ಲ. ಆದರೆ ದನಿಯನ್ನು ಶಕ್ತಿಯೆಂದು ಮಾರುವುದು ತಪ್ಪು. ಕೆಲವು ಎಂಜಿನ್ನುಗಳಲ್ಲಿ ಕೊಳವೆಯ ಉದ್ದವನ್ನು ಗಾಳಿಯ ಒತ್ತಡದ ಅಲೆಗಳಿಗೆ ಹೊಂದಿಸಿ, ಕಡಿಮೆ ವೇಗದ ಎಳೆತಕ್ಕೆ ಒದಗುವಂತೆ ರಚಿಸಿರುತ್ತಾರಾದ್ದರಿಂದ ಅದನ್ನು ಮೊಟಕುಗೊಳಿಸಿದ ಕಾರು ಹೆಚ್ಚು ಗರ್ಜಿಸುತ್ತಾ ನಗರದಲ್ಲಿ ಮೊದಲಿಗಿಂತ ಮಂದವಾಗಿ ಎಳೆಯುವ ಸಂಭವವೂ ಇದೆ.

ಸೆನ್ಸರಿನ ವಿಚಾರ ಬಜೆಟ್ ಮಾರ್ಪಾಡಿನಲ್ಲಿ ಹೆಚ್ಚಾಗಿ ಮರೆತುಹೋಗುತ್ತದೆ. ಕೆಲವು ಕಾರುಗಳಲ್ಲಿ ಬಿಸಿ ತಂತಿಯ ಸೆನ್ಸರ್ ತನ್ನ ಮೇಲೆ ಹಾಯುವ ಗಾಳಿಯಿಂದ ಒಟ್ಟು ಗಾಳಿಯ ತೂಕವನ್ನು ಅಳೆಯುತ್ತದೆ, ಅದರ ಲೆಕ್ಕ ನಿರ್ದಿಷ್ಟ ವ್ಯಾಸದ ಕೊಳವೆಗೆ ಹೊಂದಿಸಿದ್ದು. ಆ ಸೆನ್ಸರನ್ನು 60 ಮಿಲಿಮೀಟರಿನ ಕೊಳವೆಯಿಂದ ಕಿತ್ತು 70 ಮಿಲಿಮೀಟರಿನ ಕೊಳವೆಗೆ ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 36ರಷ್ಟು ಹೆಚ್ಚಿ, ಸೆನ್ಸರ್ ನಿಜವಾದ ಗಾಳಿಗಿಂತ ಕಾಲುಭಾಗಕ್ಕೂ ಹೆಚ್ಚು ಕಡಿಮೆ ತೋರಿಸುತ್ತದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಕಡಿತಗೊಳಿಸಿದಾಗ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. ಹತ್ತಿಯ ಫಿಲ್ಟರಿಗೆ ಅತಿಯಾಗಿ ಎಣ್ಣೆ ಹಚ್ಚಿದಾಗ ಅದು ತಂತಿಗೆ ಅಂಟಿಕೊಂಡು ಅಳತೆ ಕೆಡುವುದೂ ಉಂಟು. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡದಿಂದ ಗಾಳಿಯನ್ನು ಅಂದಾಜಿಸುವ ಕಾರುಗಳು ಈ ಬದಲಾವಣೆಯನ್ನು ಹೆಚ್ಚು ಸಹಿಸಿಕೊಳ್ಳುತ್ತವೆ. ಕಾರಿನಲ್ಲಿರುವುದು ಯಾವ ಬಗೆಯ ಸೆನ್ಸರ್ ಎಂದು ಕೇಳದೆಯೇ ಕೊಳವೆ ಕತ್ತರಿಸುವ ಗ್ಯಾರೇಜನ್ನು ನಂಬಲಾಗದು.

ಎಲ್ಲಕ್ಕಿಂತ ಗಂಭೀರವಾದದ್ದು ಧೂಳಿನ ಪ್ರಶ್ನೆ, ಈ ರೂಢಿಯ ಮೌಲ್ಯಮಾಪನ ನಿಲ್ಲಬೇಕಾದದ್ದು ಇದರ ಮೇಲೆಯೇ. ರಸ್ತೆಯ ಧೂಳಿನಲ್ಲಿರುವ ಸಿಲಿಕಾ ಕಣಗಳು ಬಹಳ ಗಡುಸು, ಎಣ್ಣೆಯ ಪದರದಷ್ಟೇ ದಪ್ಪವಿರುವ ಕೆಲವೇ ಮೈಕ್ರಾನಿನ ಕಣಗಳು ಪಿಸ್ಟನ್ ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ಸವೆಸುತ್ತವೆ. ಫಿಲ್ಟರುಗಳನ್ನು ಪರೀಕ್ಷಿಸುವ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವು ಗಾಳಿಯ ಅಡ್ಡಿ, ಶೋಧನೆಯ ದಕ್ಷತೆ, ಧೂಳು ಹಿಡಿದಿಡುವ ಸಾಮರ್ಥ್ಯ ಮೂರನ್ನೂ ಅಳೆಯುತ್ತದೆ, ಜಾಹೀರಾತುಗಳಲ್ಲಿ ಮಾತ್ರ ಮೊದಲನೆಯದರದ್ದೇ ಮಾತು. ಶೇಕಡಾ 99ರಷ್ಟು ಧೂಳು ತಡೆಯುವ ಫಿಲ್ಟರಿಗೂ 97ರಷ್ಟು ತಡೆಯುವ ಫಿಲ್ಟರಿಗೂ ಅಂತರ ಎರಡೇ ಎಂದು ತೋರಿದರೂ, ಎರಡನೆಯದರ ಮೂಲಕ ಒಳಹೋಗುವ ಧೂಳು ಮೂರು ಪಟ್ಟು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಕೆ ಆ್ಯಂಡ್ ಎನ್ ಸಂಸ್ಥೆಯ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಎಣ್ಣೆಹತ್ತಿಯ ಫಿಲ್ಟರ್ ಬಗೆಯನ್ನು ಸರಿಯಾಗಿ ತೊಳೆದು, ಒಣಗಿಸಿ, ಹಿತಮಿತವಾಗಿ ಎಣ್ಣೆ ಹಚ್ಚಿದರೆ ವರ್ಷಗಟ್ಟಲೆ ಬಳಸಬಹುದು; ಆದರೆ ಅದರ ನಕಲಾಗಿ ಸಿಗುವ ಹೆಸರಿಲ್ಲದ ಸ್ಪಂಜು ಮತ್ತು ತಂತಿಬಲೆಯ ಶಂಕುಗಳ ದಕ್ಷತೆಗೆ ಯಾರೂ ಹೊಣೆಯಲ್ಲ. ಬೆಲೆ ಇಳಿದಾಗ ಮೊದಲು ಕಳೆದುಹೋಗುವುದು ಕಣ್ಣಿಗೆ ಕಾಣದ ಈ ಗುಣವೇ. ಕಾಗದದ ಫಿಲ್ಟರಿನ ವಿಷಯದಲ್ಲೂ ಒಂದು ತಪ್ಪು ರೂಢಿಯಿದೆ: ಕಂಪ್ರೆಸರಿನಿಂದ ಗಾಳಿ ಹೊಡೆದು ಮತ್ತೆ ಮತ್ತೆ ಅದನ್ನೇ ಹಾಕಿದರೆ ನಾರುಗಳು ಹರಿದು ಧೂಳಿಗೆ ದಾರಿ ತೆರೆಯುತ್ತದೆ.

ಕಾನೂನಿನ ಮಿತಿಯೂ ಸ್ಪಷ್ಟವಾಗಿರಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಏರ್ ಫಿಲ್ಟರ್ ಆ ಪತ್ರದ ವಿವರವಲ್ಲವಾದರೂ, ಶಬ್ದ ಮತ್ತು ಹೊಗೆಯ ಮಾನಕ ಮೀರಿದ ವಾಹನಕ್ಕೆ ಅದೇ ಕಾಯ್ದೆಯಡಿ ದಂಡವಿದೆ. ಕ್ಯಾಲಿಫೋರ್ನಿಯಾದಲ್ಲಿ ಇನ್‌ಟೇಕ್ ಕಿಟ್ ಹೊಗೆಯನ್ನು ಹೆಚ್ಚಿಸುವುದಿಲ್ಲವೆಂದು ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಒಪ್ಪಿ ಆದೇಶಸಂಖ್ಯೆ ಕೊಟ್ಟ ಮೇಲಷ್ಟೇ ಅದನ್ನು ರಸ್ತೆಯ ಕಾರಿಗೆ ಅಳವಡಿಸಬಹುದು. ಗ್ರಾಹಕನ ಹಿತ ಕಾಯುವ ಇಂಥ ಪದ್ಧತಿ ಅನುಕರಣೀಯ.

ಇನ್‌ಟೇಕ್ ಮಾರ್ಪಾಡು ಎಲ್ಲೆಡೆಯೂ ವ್ಯರ್ಥವೆಂದು ಇದರಿಂದ ಅರ್ಥವಾಗದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಪಂದ್ಯಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರಿನ ರಂಧ್ರದ ಮೂಲಕವೇ ಹಾಯಬೇಕೆಂಬ ನಿಯಮವಿದೆ. ಅಲ್ಲಿ ಗಾಳಿದಾರಿಯೇ ನಿಜವಾದ ಇಕ್ಕಟ್ಟು, ಅದರ ಆಕಾರವನ್ನು ತಿದ್ದಿದ ತಂಡಕ್ಕೆ ನಿಜವಾದ ಲಾಭವಿದೆ. ಇಕ್ಕಟ್ಟು ಎಲ್ಲಿದೆಯೆಂದು ಮೊದಲು ಅಳೆಯುವ ಆ ಶಿಸ್ತನ್ನು ಸಾಮಾನ್ಯ ಕಾರಿಗೂ ತರಲು ಹೆಚ್ಚು ಹಣ ಬೇಡ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರಿನ ನಂತರದ ಕೊಳವೆಗೆ ಜೋಡಿಸಿ, ಇನ್ನೊಂದನ್ನು ತೆರೆದಿಟ್ಟರೆ ಒತ್ತಡಮಾಪಕ ಸಿದ್ಧ. ನೀರಿನ ಎರಡು ಮಟ್ಟಗಳ ನಡುವಿನ 10 ಸೆಂಟಿಮೀಟರ್ ಅಂತರ ಸುಮಾರು ಒಂದು ಕಿಲೋಪ್ಯಾಸ್ಕಲ್‌ಗೆ ಸಮ. ನೀರು ಎಂಜಿನ್ನಿಗೆ ಸೇರದಷ್ಟು ನಳಿಕೆ ಎತ್ತರವಿರಬೇಕು, ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪಕ್ಕದಲ್ಲಿ ಕೂತವರು ಅಳತೆ ಓದಬೇಕು. ಫಿಲ್ಟರಿಗಿಂತ ಮೊದಲಿನ ಭಾಗದಲ್ಲೂ ಹೀಗೆಯೇ ಅಳೆದರೆ ಅಡ್ಡಿ ಫಿಲ್ಟರಿನದೋ ಮೂತಿಯದೋ ಎಂಬುದು ತಿಳಿಯುತ್ತದೆ. ಅಳತೆ ಚಿಕ್ಕದಾದರೆ ಹಣ ಉಳಿಯಿತು. ಮೂತಿಯೇ ಕಿರಿದೆಂದು ಕಂಡರೆ ತಂಪು ಗಾಳಿಯ ಆ ದಾರಿಯನ್ನಷ್ಟೇ, ಎತ್ತರ ತಗ್ಗದಂತೆ ಹಿಗ್ಗಿಸಬಹುದು. ಫಿಲ್ಟರಿನದೇ ಅಡ್ಡಿಯೆಂದಾದರೆ ಹೊಸ ಕಾಗದದ ಫಿಲ್ಟರ್ ಹಾಕಿ ಮತ್ತೊಮ್ಮೆ ಅಳೆಯಬೇಕು.

ಮೊದಲಿಗೆ ಹೇಳಿದ ಮೂರು ರೂಪಗಳಲ್ಲಿ ಡಬ್ಬಿಯೊಳಗೆ ಕೂರುವ ತೊಳೆಯಬಹುದಾದ ಉತ್ತಮ ಫಿಲ್ಟರ್ ನಿರಪಾಯದ ಆಯ್ಕೆ, ಆದರೆ ಅದರ ಲಾಭ ಮರುಬಳಕೆಯದೇ ಹೊರತು ಶಕ್ತಿಯದಲ್ಲ. ಬಾನೆಟ್ಟಿನೊಳಗಿನ ತೆರೆದ ಶಂಕು ಸದ್ದಿಗಾಗಿ ಶಾಖವನ್ನೂ ಧೂಳನ್ನೂ ಒಪ್ಪಿಕೊಳ್ಳುವ ವ್ಯಾಪಾರ, ರಸ್ತೆಯ ಕಾರಿಗೆ ಅದನ್ನು ಶಿಫಾರಸು ಮಾಡಲು ಆಧಾರವಿಲ್ಲ. ಅಳೆಯದೆ ಕೊರೆದ ಡಬ್ಬಿಯಂತೂ ವಿನ್ಯಾಸವನ್ನು ಕೆಡಿಸಿದ್ದಷ್ಟೇ. ಕಡಿಮೆ ಹಣವಿರುವ ಕಾರುಪ್ರೇಮಿ ಆ ಹಣವನ್ನು ಸಕಾಲದಲ್ಲಿ ಹಾಕಿದ ಹೊಸ ಫಿಲ್ಟರಿಗೆ, ಸಡಿಲವಾದ ಕ್ಲಾಂಪಿಗೆ, ಬಿರುಕುಬಿಟ್ಟ ಹೋಸಿಗೆ ಖರ್ಚುಮಾಡಬೇಕು. ಎಂಜಿನ್ನಿನ ಮೇಲಿನ ಪ್ರೀತಿ ಸಾರ್ಥಕವಾಗುವುದು ಅದರ ಆಯುಷ್ಯವನ್ನು ಸವೆಸದ ಸುಧಾರಣೆಯಲ್ಲಿ ಮಾತ್ರ.